ಮಿನಿಯಾಪೊಲಿಸ್‌ನ ಹಿತ್ತಲಲ್ಲಿ ಅವರೆ ಬಳ್ಳಿ ಹೂ ಬಿಡುತ್ತಿಲ್ಲ: ಇಲ್ಲಿ ಯಾವುದನ್ನು ಯಾವಾಗ ಬಿತ್ತಬೇಕು?

ಹಿತ್ತಲಕಡೆ · ಮಾರ್ಚ್ 8
ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನಿಂದ ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದು ಮೂರು ವರ್ಷವಾಯಿತು, ಸ್ವಂತ ಹಿತ್ತಲು ದೊರೆತು ಎರಡು ವರ್ಷ. ಮೊದಲ ವರ್ಷ ಏಪ್ರಿಲ್ ಮೂರನೆಯ ವಾರದಲ್ಲಿ ನಾಲ್ಕು ದಿನ ಒಳ್ಳೆಯ ಬಿಸಿಲು ಕಾಯಿತು. ಅದನ್ನು ನಂಬಿ ಟೊಮೆಟೊ, ಬದನೆ ಸಸಿಗಳನ್ನು ತಂದು ನೆಟ್ಟೆ. ಐದನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಎಲ್ಲವೂ ಬಿಸಿನೀರಿನಲ್ಲಿ ಅದ್ದಿ ತೆಗೆದ ಸೊಪ್ಪಿನಂತೆ ಜೋತುಬಿದ್ದಿದ್ದವು. ಸಸಿ ಮಾರಿದ ಅಂಗಡಿಯವರು ‘ಈಗಲೇ ನೆಡಬಹುದು’ ಎಂದಿದ್ದರು.

ಕಳೆದ ವರ್ಷ ಬುದ್ಧಿ ಕಲಿತು ಜೂನ್ ಮೊದಲ ವಾರದವರೆಗೂ ಕಾದೆ. ಊರಿನಿಂದ ಅತ್ತೆಯವರು ತಂದಿದ್ದ ಅವರೆ ಬೀಜವನ್ನು ಬೇಲಿಯ ಬುಡದಲ್ಲಿ ಊರಿದೆ. ಬಳ್ಳಿ ಹನ್ನೆರಡು ಅಡಿ ಬೆಳೆದು ಪಕ್ಕದ ಮನೆಯವರ ಬೇಲಿಯನ್ನೂ ಹಬ್ಬಿತು. ಎಲೆಯೋ ಎಲೆ, ಹೂವು ಮಾತ್ರ ಒಂದೂ ಇಲ್ಲ. ಸೆಪ್ಟೆಂಬರ್ ಕೊನೆಗೆ ಅಲ್ಲೊಂದು ಇಲ್ಲೊಂದು ಮೊಗ್ಗು ಕಾಣಿಸಿಕೊಂಡು, ಇನ್ನೇನು ಕಾಯಿ ಕಚ್ಚಬಹುದು ಎನ್ನುವಷ್ಟರಲ್ಲಿ ಫ್ರಾಸ್ಟ್, ಅಂದರೆ ಇಬ್ಬನಿಯೇ ಹೆಪ್ಪುಗಟ್ಟುವಂತಹ ಚಳಿ, ಬಂದು ಒಂದೇ ರಾತ್ರಿಯಲ್ಲಿ ಬಳ್ಳಿ ಕಪ್ಪಾಯಿತು. ಗೊಬ್ಬರ ಹೆಚ್ಚಾಯಿತೇ, ನೀರು ಹೆಚ್ಚಾಯಿತೇ, ಬೀಜವೇ ಸರಿಯಿರಲಿಲ್ಲವೇ? ತರಕಾರಿ ಮತ್ತು ಹೂವಿನ ಕೆಲಸಗಳನ್ನು ಈ ಊರಿನಲ್ಲಿ ಯಾವ ತಿಂಗಳು ಹೇಗೆ ಮಾಡುತ್ತೀರಿ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಗೊಬ್ಬರಗುಂಡಿ · ಮಾರ್ಚ್ 8
ಏಪ್ರಿಲ್ ಬಿಸಿಲನ್ನು ನಂಬಿ ಸಸಿ ಕಳೆದುಕೊಳ್ಳದವರು ಈ ರಾಜ್ಯದಲ್ಲಿ ಯಾರೂ ಇಲ್ಲ, ಸಮಾಧಾನ ಮಾಡಿಕೊಳ್ಳಿ.

ಹಳೇ ಪಂಚೆ · ಮಾರ್ಚ್ 8
ಪಕ್ಕದ ಸೇಂಟ್ ಪಾಲ್‌ ನಗರದಲ್ಲಿ ಮೂವತ್ತೈದು ವರ್ಷಗಳಿಂದ ಮಣ್ಣು ಕೆದಕುತ್ತಿರುವವನ ಮಾತು ಇದು. ಯುಗಾದಿಗೆ ಹೊಸ ಚಿಗುರು ಎಂಬುದು ಊರಿನ ಲೆಕ್ಕ. ಇಲ್ಲಿ ಯುಗಾದಿಯ ದಿನ ಬಾಗಿಲ ಮುಂದಿನ ಹಿಮ ಎತ್ತಿ ರಂಗೋಲಿ ಹಾಕಿದ ವರ್ಷಗಳೇ ನನಗೆ ಹೆಚ್ಚು ನೆನಪಿವೆ. ಆದ್ದರಿಂದ ಪಂಚಾಂಗವನ್ನು ಬದಿಗಿಟ್ಟು, ಫ್ರಾಸ್ಟ್‌ನ ಕಾಟ ಬಹುಮಟ್ಟಿಗೆ ಮುಗಿಯುವ ಮೇ ಮಧ್ಯಭಾಗವನ್ನು ಗೂಟವಾಗಿ ಹೊಡೆದುಕೊಂಡು ಅಲ್ಲಿಂದ ಹಿಂದಕ್ಕೆ ವಾರಗಳನ್ನು ಎಣಿಸಬೇಕು.

ಮೆಣಸಿನಕಾಯಿ ಮತ್ತು ಬದನೆ ನಿಧಾನದ ಗಿಡಗಳಾದ್ದರಿಂದ ಮಾರ್ಚ್ ಮಧ್ಯದಲ್ಲಿ, ಅಂದರೆ ಈ ವಾರವೇ, ಮನೆಯೊಳಗೆ ದೀಪದ ಕೆಳಗೆ ಬಿತ್ತಬೇಕು. ಟೊಮೆಟೊ ಬೀಜವನ್ನು ಏಪ್ರಿಲ್ ಮೊದಲ ವಾರ ಹಾಕಿದರೂ ತಡವಾಗುವುದಿಲ್ಲ. ಅವಸರಪಟ್ಟು ಫೆಬ್ರವರಿಯಲ್ಲಿಯೇ ಹಾಕಿದವರ ಸಸಿಗಳು ಕಿಟಕಿಯ ಬಳಿ ಬಿದಿರುಕಡ್ಡಿಯಂತೆ ಉದ್ದವಾಗಿ ಬಾಗುತ್ತವೆ. ಹೀರೆ, ಹಾಗಲ, ಸೋರೆ, ಪಡವಲಗಳಿಗೆ ಏಪ್ರಿಲ್ ಕೊನೆಯ ವಾರ ಸಾಕು, ಏಕೆಂದರೆ ಅವುಗಳ ಬೇರು ಅಲುಗಿದರೆ ಮುನಿಸಿಕೊಳ್ಳುತ್ತವೆ ಮತ್ತು ಕುಂಡದಲ್ಲಿ ಹೆಚ್ಚು ದಿನ ಇಡುವಂತಿಲ್ಲ. ನೆಲದ ಹಿಮ ಕರಗಿ, ಮಣ್ಣನ್ನು ಹಿಡಿದು ಹಿಂಡಿದರೆ ಉಂಡೆಯಾಗದೆ ಪುಡಿಯಾಗುವ ಹಂತಕ್ಕೆ ಬಂದ ಕೂಡಲೇ ಬಟಾಣಿ, ಪಾಲಕ್, ಮೂಲಂಗಿ, ಮೆಂತ್ಯ, ಕೊತ್ತಂಬರಿಗಳನ್ನು ನೇರವಾಗಿ ಹೊರಗೆ ಬಿತ್ತಬಹುದು; ಅವು ಸಣ್ಣ ಫ್ರಾಸ್ಟ್‌ಗೆ ಜಗ್ಗುವುದಿಲ್ಲ.

ಒಳಗೆ ಬೆಳೆಸಿದ ಸಸಿಯನ್ನು ಏಕಾಏಕಿ ಬಿಸಿಲಿಗೆ ಇಡಬೇಡಿ. ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ವಾರದಿಂದ ಹತ್ತು ದಿನ ಗಾಳಿ ಬಿಸಿಲು ರೂಢಿ ಮಾಡಿಸಿ. ನಾನು ಮೊದಲ ವರ್ಷ ನಲವತ್ತು ಸಸಿಗಳನ್ನು ಒಂದೇ ದಿನ ಹೊರಗಿಟ್ಟು, ಸಂಜೆಗೆ ಎಲೆಗಳೆಲ್ಲ ಕಾಗದದಂತೆ ಬೆಳ್ಳಗಾದದ್ದನ್ನು ನೋಡಿ ಊಟ ಬಿಟ್ಟಿದ್ದೆ.

ಹೊಸಮನೆ ಕಿಟ್ಟಿ · ಮಾರ್ಚ್ 9
ಹಳೇ ಪಂಚೆ ಸರ್, ಇವೆಲ್ಲ ಹಳೆಯ ಲೆಕ್ಕ ಎಂದು ನನ್ನ ಅಭಿಪ್ರಾಯ. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಹೊರಡಿಸಿದ ಹೊಸ ನಕ್ಷೆಯಲ್ಲಿ ನಮ್ಮ ನಗರ 4ಬಿ ವಲಯದಿಂದ 5ಎ ವಲಯಕ್ಕೆ ಬಂದಿದೆ. ಹವಾಮಾನ ಬೆಚ್ಚಗಾಗಿದೆ ಎಂದಾದ ಮೇಲೆ ಎರಡು ವಾರ ಮುಂಚೆಯೇ ಟೊಮೆಟೊ ನೆಡುವುದರಲ್ಲಿ ತಪ್ಪೇನಿದೆ?

ಕೃಷಿ ಪದವೀಧರ · ಮಾರ್ಚ್ 9
ಕಿಟ್ಟಿಯವರೇ, ನಕ್ಷೆ ಬದಲಾಗಿರುವುದು ನಿಜ, ಆದರೆ ಆ ನಕ್ಷೆ ಹೇಳುವುದು ಬೇರೆ ಸಂಗತಿಯನ್ನು. ಚಳಿಗಾಲದ ಅತಿ ಕಡಿಮೆ ಉಷ್ಣಾಂಶದ ಸರಾಸರಿ ಎಷ್ಟು ಎಂಬುದಷ್ಟೇ ಅದರಲ್ಲಿದೆ. 5ಎ ಎಂದರೆ ಮೈನಸ್ 29ರಿಂದ ಮೈನಸ್ 26 ಡಿಗ್ರಿ ಸೆಲ್ಸಿಯಸ್. ಗುಲಾಬಿ, ಸೇಬು, ಪಿಯೊನಿಯಂತಹ ಬಹುವಾರ್ಷಿಕ ಗಿಡಗಳು ಚಳಿಗಾಲ ದಾಟಿ ಬದುಕುತ್ತವೆಯೇ ಎಂದು ತಿಳಿಯಲು ಅದು ಉಪಯುಕ್ತ. ವಸಂತದ ಕೊನೆಯ ಫ್ರಾಸ್ಟ್ ಯಾವಾಗ ಬೀಳುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಟೊಮೆಟೊಗೆ ಜನವರಿಯ ಚಳಿ ಎಷ್ಟಿತ್ತು ಎಂಬ ಚಿಂತೆ ಏಕೆ? ಅದಕ್ಕೆ ಬೇಕಾದದ್ದು ರಾತ್ರಿಯಲ್ಲಿ 10 ಡಿಗ್ರಿಗಿಂತ ಕಡಿಮೆಯಾಗದ ಗಾಳಿ ಮತ್ತು ಬೆಚ್ಚಗಿನ ಮಣ್ಣು. ಇಪ್ಪತ್ತು ಡಾಲರಿನೊಳಗೆ ಮಣ್ಣಿನ ಥರ್ಮಾಮೀಟರ್ ಸಿಗುತ್ತದೆ. ಬೆಳಗ್ಗೆ ಎಂಟಕ್ಕೆ ನಾಲ್ಕು ಅಂಗುಲ ಆಳದಲ್ಲಿ ಚುಚ್ಚಿ ನೋಡಿ. ಹುರುಳಿಕಾಯಿ, ಅಲಸಂದೆಗಳಿಗೆ 16 ಡಿಗ್ರಿ, ಬೆಂಡೆಗೆ 18 ಡಿಗ್ರಿ ದಾಟಿದ ಮೇಲೆ ಬಿತ್ತಿ. ತಣ್ಣನೆಯ ಮಣ್ಣಿನಲ್ಲಿ ಬೆಂಡೆ ಬೀಜ ಮೊಳೆಯದೆ ಕೊಳೆಯುತ್ತದೆ.

ಇನ್ನು ಅವರೆಯ ವಿಷಯ. ಹಿತ್ತಲಕಡೆಯವರೇ, ನಿಮ್ಮ ಗೊಬ್ಬರದ್ದೂ ತಪ್ಪಿಲ್ಲ, ಬೀಜದ್ದೂ ತಪ್ಪಿಲ್ಲ. ಚಳಿಯನ್ನೂ ದೂರಬೇಡಿ, ನಿಜವಾದ ಕಾರಣ ಹಗಲಿನ ಉದ್ದ. ನಮ್ಮ ನಾಟಿ ಅವರೆ ಅಲ್ಪ ಹಗಲಿನ ಬೆಳೆ; ರಾತ್ರಿ ಸಾಕಷ್ಟು ದೀರ್ಘವಾಗುವವರೆಗೆ ಅದು ಮೊಗ್ಗು ಬಿಡುವುದಿಲ್ಲ. ತುಮಕೂರಿನ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ (ರಾಗಿಯ ನಡುವೆ ಮಿಶ್ರಬೆಳೆಗೆ ಬಿಡುವ ಸಾಲು) ಮುಂಗಾರಿನಲ್ಲಿ ಬಿತ್ತಿದ ಅವರೆ, ಹಗಲು ಮೋಟಾಗುವ ಕಾಲಕ್ಕೆ ಹೂವಿಗೆ ಬಂದು ಡಿಸೆಂಬರ್, ಜನವರಿಯಲ್ಲಿ ಕಾಯಿ ಕೊಡುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಮಿನಿಯಾಪೊಲಿಸ್‌ನಲ್ಲಿ ಜೂನ್ ಹಗಲು ಹದಿನೈದೂವರೆ ಗಂಟೆಗೂ ಹೆಚ್ಚು. ಇಲ್ಲಿ ಹಗಲು ಹನ್ನೆರಡು ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಅಕ್ಟೋಬರ್ ಮೊದಲ ಭಾಗದಲ್ಲಿ ಫ್ರಾಸ್ಟ್ ಬಾಗಿಲಲ್ಲಿ ನಿಂತಿರುತ್ತದೆ. ಬಳ್ಳಿಯ ಲೆಕ್ಕ ಸರಿಯಾಗಿಯೇ ಇತ್ತು, ಅಕ್ಷಾಂಶ ಬೇರೆಯಾಗಿತ್ತು.

ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಪ್ರಯಾಣ ಮಾಡಿದವರು ಸೇವಂತಿಗೆ ಹೊಲಗಳಲ್ಲಿ ಸಾಲುಸಾಲಾಗಿ ಬಲ್ಬು ಉರಿಯುವುದನ್ನು ನೋಡಿರಬಹುದು. ಸೇವಂತಿಗೆಯೂ ಇದೇ ಜಾತಿಯ ಸ್ವಭಾವದ್ದು. ಗಿಡ ಎತ್ತರಕ್ಕೆ ಬೆಳೆಯುವವರೆಗೆ ಹೂವನ್ನು ತಡೆಹಿಡಿಯಲು ರೈತರು ರಾತ್ರಿಯನ್ನು ಬೆಳಕಿನಿಂದ ಒಡೆಯುತ್ತಾರೆ. ಅವರು ಹಣ ಕೊಟ್ಟು ಮಾಡುವ ಕೆಲಸವನ್ನು ಇಲ್ಲಿನ ಸೂರ್ಯ ನಿಮಗೆ ಉಚಿತವಾಗಿ ಮಾಡಿಕೊಟ್ಟಿದ್ದಾನೆ.

ಪರಿಹಾರವೂ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಅವಧಿಗೆ ಕಟ್ಟುಬೀಳದ ಹೆಬ್ಬಾಳ ಅವರೆ 3 ಮತ್ತು ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ಇವು ಬಳ್ಳಿಯಲ್ಲ, ಗಿಡ್ಡ ಗಿಡ. ಊರಿನಲ್ಲಿ ಬೇಸಿಗೆಯಲ್ಲಿಯೂ ಅವರೆಕಾಯಿ ಸಿಗುವುದು ಇಂತಹ ತಳಿಗಳಿಂದಲೇ.

ಮಾಗಡಿ ರಸ್ತೆ · ಮಾರ್ಚ್ 9
ವಿವರಣೆ ಚೆನ್ನಾಗಿದೆ, ಆದರೆ ಒಂದು ತಕರಾರು. ಬಾರೋಮಾಸಿ, ಅಂದರೆ ವರ್ಷವಿಡೀ ಬೆಳೆಯುವ, ಅವರೆಗೆ ಸೊಗಡು ಎಲ್ಲಿದೆ? ಮಾಗಿಯ ಇಬ್ಬನಿ ಬಿದ್ದ ಕಾಯಿಯನ್ನು ಬಿಡಿಸಿದರೆ ಬೆರಳಿಗೆ ಅಂಟುವ ಆ ಎಣ್ಣೆಯ ವಾಸನೆ ಸಾಬೂನಿನಿಂದ ತೊಳೆದರೂ ಹೋಗುವುದಿಲ್ಲ. ಅದಿಲ್ಲದ ಅವರೆಯಿಂದ ಹಿತಕಿದ ಬೇಳೆ ಸಾರು ಮಾಡುವುದಕ್ಕಿಂತ ಅಂಗಡಿಯಲ್ಲಿ ಸಿಗುವ ಫ್ರೋಜನ್ ಪೊಟ್ಟಣವೇ ಮೇಲು.

ಕೃಷಿ ಪದವೀಧರ · ಮಾರ್ಚ್ 9
ಫ್ರೋಜನ್ ಪೊಟ್ಟಣದಲ್ಲಿ ನಿಮಗೆ ಸೊಗಡು ಸಿಗುತ್ತದೆ ಎಂದಾದರೆ ನಾನು ವಾದ ನಿಲ್ಲಿಸುತ್ತೇನೆ.

ಸ್ಟಾಕ್‌ಹೋಮ್ ಸೊಪ್ಪು · ಮಾರ್ಚ್ 10
ಹದಿನೈದೂವರೆ ಗಂಟೆಗೇ ನೀವು ಇಷ್ಟು ಗೋಳಾಡುತ್ತಿದ್ದೀರಿ, ಇಲ್ಲಿ ಜೂನ್‌ನಲ್ಲಿ ಹದಿನೆಂಟೂವರೆ ಗಂಟೆ ಹಗಲು. ಕೊತ್ತಂಬರಿ ನಾಲ್ಕು ಎಲೆ ಬಿಟ್ಟ ಕೂಡಲೇ ಕಡ್ಡಿ ಎತ್ತಿ ಹೂ ಬಿಡುತ್ತದೆ, ಪಾಲಕ್ ಕೂಡ ಹಾಗೆಯೇ. ಅವು ದೀರ್ಘ ಹಗಲಿಗೆ ಹೂ ಬಿಡುವ ಗುಂಪಿನವು. ಹಾಗಾಗಿ ನಾನು ಅವುಗಳನ್ನು ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್ ಮೊದಲಲ್ಲಿ ಇನ್ನೊಮ್ಮೆ ಬಿತ್ತಿ, ನಡುವಿನ ಬೇಸಿಗೆಯನ್ನು ದಂಟು, ಹರಿವೆಗಳಿಗೆ ಬಿಡುತ್ತೇನೆ.

ನಾಟಿ ಅವರೆಯೇ ಬೇಕು ಎನ್ನುವವರು ದೊಡ್ಡ ಕುಂಡದಲ್ಲಿ ಬೆಳೆಸಿ, ಬೇಸಿಗೆಯಲ್ಲಿ ಪ್ರತಿದಿನ ಸಂಜೆ ಆರಕ್ಕೆ ಕತ್ತಲೆಯ ಕೋಣೆಯೊಳಗಿಟ್ಟು ಬೆಳಗ್ಗೆ ಎಂಟಕ್ಕೆ ಹೊರಗೆ ತರಬಹುದು. ಮೊಗ್ಗು ಕಾಣುವವರೆಗೆ, ಅಂದರೆ ಮೂರು ನಾಲ್ಕು ವಾರ, ಒಂದು ದಿನವೂ ತಪ್ಪಬಾರದು. ನಾನು ಎರಡು ವರ್ಷ ಹಿಂದೆ ಇದನ್ನು ಮಾಡಿ ಒಂದೂಕಾಲು ಕಿಲೋ ಕಾಯಿ ಕಿತ್ತಿದ್ದೇನೆ.

ಗೊಬ್ಬರಗುಂಡಿ · ಮಾರ್ಚ್ 10
ಒಂದೂಕಾಲು ಕಿಲೋ ಅವರೆಗಾಗಿ ಒಂದು ತಿಂಗಳು ಕುಂಡವನ್ನು ತೊಟ್ಟಿಲ ಮಗುವಿನಂತೆ ಮಲಗಿಸಿ ಎಬ್ಬಿಸಿದಿರಾ? ಮನೆಯಲ್ಲಿ ಏನೂ ಅನ್ನಲಿಲ್ಲವೇ?

ಸ್ಟಾಕ್‌ಹೋಮ್ ಸೊಪ್ಪು · ಮಾರ್ಚ್ 10
ಅಂದರು. ಉಪ್ಪಿಟ್ಟಿಗೆ ಅವರೆಕಾಳು ಬಿದ್ದ ದಿನ ಸುಮ್ಮನಾದರು.

ಕೃಷಿ ಪದವೀಧರ · ಮಾರ್ಚ್ 10
ವಿಧಾನ ಸರಿಯಿದೆ. ಒಂದು ಎಚ್ಚರಿಕೆ: ಹೊರಗೆ ಬಿಸಿಲಿರುವಾಗಲೇ ಕಪ್ಪು ಡ್ರಮ್ ಮುಚ್ಚಿದರೆ ಒಳಗೆ ಗಿಡ ಬೆಂದುಹೋಗುತ್ತದೆ, ಕೋಣೆಯೊಳಗಿಡುವುದೇ ಉತ್ತಮ. ನಡುರಾತ್ರಿ ಆ ಕೋಣೆಯ ದೀಪ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಇನ್ನೊಂದು ಸುಲಭದ ದಾರಿಯೆಂದರೆ ಆಗಸ್ಟ್‌ನಲ್ಲಿ ಕುಂಡದಲ್ಲಿ ಬಿತ್ತಿ, ಸೆಪ್ಟೆಂಬರ್ ಕೊನೆಯಲ್ಲಿ ದಕ್ಷಿಣದ ಕಿಟಕಿಗೆ ತರುವುದು. ಆಗ ಹಗಲು ತಾನೇ ಚಿಕ್ಕದಾಗಿರುತ್ತದೆ. ಅವರೆ ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ಒಳಗೂ ಕಾಯಿ ಕಚ್ಚಬಹುದು.

ಅಂದಹಾಗೆ, ಸೂಟ್‌ಕೇಸಿನಲ್ಲಿ ಬೀಜ ತರುವುದರ ಬಗ್ಗೆ ಯಾರೂ ಮಾತನಾಡಲಿಲ್ಲ. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಬೀಜ ತರುವುದು ನಿಯಮಕ್ಕೆ ವಿರುದ್ಧ. ಸ್ವಲ್ಪವೇ ಬೀಜ ತರುವವರಿಗೆ ಅಮೆರಿಕದ ಕೃಷಿ ಇಲಾಖೆಯ ಸಣ್ಣ ಪ್ರಮಾಣದ ಬೀಜದ ಪರವಾನಗಿ ಇದೆ. ಒಂದು ಪೊಟ್ಟಣಕ್ಕೆ 50 ಬೀಜ ಅಥವಾ 10 ಗ್ರಾಂ ಮೀರಬಾರದು. ಕರಿಬೇವಿನ ಗಿಡದ ವಿಷಯದಲ್ಲಿ ಇನ್ನೂ ಬಿಗಿ, ಏಕೆಂದರೆ ನಿಂಬೆ ಜಾತಿಯ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಜಿಗಿಹುಳು ಕರಿಬೇವಿನ ಮೇಲೆಯೂ ಬದುಕುತ್ತದೆ.

ಹಿತ್ತಲಕಡೆ · ಮಾರ್ಚ್ 10
ಬೀಜದ ನಿಯಮ ನನಗೆ ತಿಳಿದಿರಲಿಲ್ಲ. ಈ ಬಾರಿ ಪರವಾನಗಿ ಪಡೆದೇ ತರಿಸುತ್ತೇನೆ. ಹೂವಿನ ಬಗ್ಗೆಯೂ ಯಾರಾದರೂ ಹೇಳಿ. ಗೌರಿ ಹಬ್ಬಕ್ಕಾದರೂ ಹಿತ್ತಲಿನ ಹೂವು ಏರಿಸಬೇಕೆಂದು ಮನೆಯವರ ಆಸೆ.

ತೀರ್ಥಹಳ್ಳಿಯವಳು · ಮಾರ್ಚ್ 11
ಹೂವಿನ ಮಾತು ಬಂದದ್ದರಿಂದ ನಾನು ಬಾಯಿ ತೆರೆಯುತ್ತಿದ್ದೇನೆ. ಗೌರಿ ಹಬ್ಬಕ್ಕೆ ಹೂವು ಬೇಕಾದರೆ ಡೇರೆ ನೆಡಿ. ಇಲ್ಲಿಯವರು ಡೇಲಿಯಾ ಎಂದು ಕೊಂಡಾಡುವ ಹೂವು ನಮ್ಮ ಮಲೆನಾಡಿನ ಅಂಗಳದ ಡೇರೆಯೇ. ಮಳೆಗಾಲ ಹಿಡಿಯುವಾಗ ಅಮ್ಮ, ಚಿಕ್ಕಮ್ಮಂದಿರು ಗೆಡ್ಡೆಗಳನ್ನು ಹಂಚಿಕೊಂಡು ನೆಡುತ್ತಿದ್ದರು. ‘ನಿನ್ನ ಗೇರು ಬಣ್ಣದ್ದು ಕೊಡು, ನನ್ನ ಬಿಳಿಯದು ಒಯ್ಯಿ’ ಎಂಬ ವ್ಯಾಪಾರ ಹಬ್ಬದವರೆಗೂ ನಡೆಯುತ್ತಿತ್ತು. ಊರಿನಲ್ಲಿ ಗೆಡ್ಡೆಯನ್ನು ಮಳೆಯ ಕೊಳೆಯಿಂದ ಕಾಪಾಡಬೇಕು, ಇಲ್ಲಿ ಹಿಮದಿಂದ, ಅಷ್ಟೇ ವ್ಯತ್ಯಾಸ.

ಏಪ್ರಿಲ್‌ನಲ್ಲಿ ಕುಂಡದಲ್ಲಿ ಮೊಳಕೆ ಬರಿಸಿ ಮೇ ಕೊನೆಗೆ ನೆಲಕ್ಕಿಳಿಸಿದರೆ ಆಗಸ್ಟ್‌ನಿಂದ ಫ್ರಾಸ್ಟ್‌ವರೆಗೆ ಹೂವು ನಿಲ್ಲುವುದಿಲ್ಲ. ಅಕ್ಟೋಬರ್‌ನಲ್ಲಿ ಫ್ರಾಸ್ಟ್‌ಗೆ ಎಲೆ ಕಪ್ಪಾದ ಮೇಲೆ ದಂಟನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಗೆಡ್ಡೆಗೆ ಗಾಯವಾಗದಂತೆ ದೂರದಿಂದ ಅಗೆದು ತೆಗೆದು, ಒಂದೆರಡು ದಿನ ನೆರಳಿನಲ್ಲಿ ಒಣಗಿಸಿ, ಮರದ ಹೊಟ್ಟು ತುಂಬಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ನೆಲಮಾಳಿಗೆಯ ತಣ್ಣನೆಯ ಮೂಲೆಯಲ್ಲಿಡಿ. ಅಲ್ಲಿ 4ರಿಂದ 10 ಡಿಗ್ರಿ ಇರಬೇಕು. ತಿಂಗಳಿಗೊಮ್ಮೆ ತೆರೆದು ನೋಡಿ, ಕೊಳೆತದ್ದನ್ನು ಎಸೆಯಿರಿ, ಸುಕ್ಕಾದದ್ದಕ್ಕೆ ನೀರು ಚಿಮುಕಿಸಿ. ಗೆಡ್ಡೆ ಒಡೆಯುವಾಗ ಪ್ರತಿ ತುಂಡಿನ ಕತ್ತಿನಲ್ಲಿ ಒಂದು ಕಣ್ಣು ಇರಲೇಬೇಕು. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ.

ಸೇವಂತಿಗೆಯನ್ನು ಜುಲೈ ಮೊದಲ ವಾರದವರೆಗೆ ತುದಿ ಚಿವುಟುತ್ತಿರಿ, ಗಿಡ ಪೊದೆಯಾಗುತ್ತದೆ. ಮಿನೆಸೋಟಾ ವಿಶ್ವವಿದ್ಯಾಲಯದವರೇ ಈ ಚಳಿಗೆ ತಾಳುವ ಸೇವಂತಿಗೆಗಳನ್ನು ಬೆಳೆಸಿ ಕೊಟ್ಟಿದ್ದಾರೆ. ಶರತ್ಕಾಲದಲ್ಲಿ ಅಂಗಡಿಯ ಮುಂದೆ ರಾಶಿ ಹಾಕುವ ಕುಂಡಗಳನ್ನು ನಂಬಬೇಡಿ, ಅಷ್ಟು ತಡವಾಗಿ ನೆಟ್ಟ ಗಿಡ ಬೇರು ಬಿಡುವ ಮೊದಲೇ ನೆಲ ಕಲ್ಲಾಗುತ್ತದೆ.

ಮೂರನೇ ಮಹಡಿ · ಮಾರ್ಚ್ 11
ಅಕ್ಕ, ನನ್ನ ದುಂಡು ಮಲ್ಲಿಗೆ ನವೆಂಬರ್‌ನಿಂದ ಎಲೆ ಉದುರಿಸಿ ಈಗ ಬರೀ ಕಡ್ಡಿಯಾಗಿದೆ. ಸತ್ತಿದೆಯೇ?

ತೀರ್ಥಹಳ್ಳಿಯವಳು · ಮಾರ್ಚ್ 11
ಉಗುರಿನಿಂದ ತೊಗಟೆ ಕೆರೆದು ನೋಡಮ್ಮ, ಒಳಗೆ ಹಸಿರಿದ್ದರೆ ಜೀವವಿದೆ. ಈಗಲೇ ಅರ್ಧಕ್ಕೆ ಕತ್ತರಿಸು. ಮಲ್ಲಿಗೆ ಹೊಸ ಚಿಗುರಿನಲ್ಲಿಯೇ ಮೊಗ್ಗು ಬಿಡುವುದು. ಹೀಟರಿನ ಒಣ ಗಾಳಿಯಲ್ಲಿ ಎಲೆಯ ಅಡಿ ಜೇಡನುಸಿ ಮನೆ ಮಾಡುತ್ತದೆ, ಬಚ್ಚಲಿಗೆ ಒಯ್ದು ಎಲೆಯ ಹಿಂಬದಿಗೆ ಜೋರಾಗಿ ನೀರು ಬಿಡು. ಚಳಿಗಾಲದಲ್ಲಿ ಮಲ್ಲಿಗೆ, ಕರಿಬೇವು ಎರಡೂ ಸಾಯುವುದು ಚಳಿಗಿಂತ ನಮ್ಮ ಪ್ರೀತಿಯಿಂದ, ಅಂದರೆ ದಿನವೂ ಹಾಕುವ ನೀರಿನಿಂದ. ಮುಂದಿನ ಸಲ ರಾತ್ರಿ 10 ಡಿಗ್ರಿಗೆ ಇಳಿಯುವ ಮೊದಲೇ, ಸೆಪ್ಟೆಂಬರ್‌ನಲ್ಲಿಯೇ, ಸಾಬೂನು ನೀರು ಚಿಮುಕಿಸಿ ಒಳಗೆ ತಾ.

ಹಿತ್ತಲಕಡೆ · ಮೇ 17
ಎಲ್ಲರ ಮಾತು ಕೇಳಿ ಟೊಮೆಟೊ ನಿನ್ನೆಯಷ್ಟೇ ನೆಟ್ಟೆ. ಇಂದು ರಾತ್ರಿ 2 ಡಿಗ್ರಿ ಎಂದು ಮುನ್ಸೂಚನೆ ಬಂದಿದೆ. ಶೂನ್ಯಕ್ಕೆ ಇಳಿಯುವುದಿಲ್ಲವಲ್ಲ, ಸುಮ್ಮನಿರಬಹುದೇ?

ಹಳೇ ಪಂಚೆ · ಮೇ 17
ಸುಮ್ಮನಿರಬೇಡಿ. ಮುನ್ಸೂಚನೆಯ ಅಂಕಿ ನೆಲದಿಂದ ಆಳೆತ್ತರದ ಗಾಳಿಯದು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿ ಎಲೆಯ ಮಟ್ಟದಲ್ಲಿ ಶೂನ್ಯಕ್ಕೆ ಇಳಿಯಬಹುದು. ಸೂರ್ಯ ಮುಳುಗುವ ಮೊದಲೇ ಹಳೆಯ ಪಂಚೆ, ಸೀರೆ, ಬೆಡ್‌ಶೀಟ್ ಯಾವುದಾದರೂ ನೆಲ ಮುಟ್ಟುವಂತೆ ಹೊದಿಸಿ, ಅಂಚಿಗೆ ಕಲ್ಲು ಹೇರಿ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದಲ್ಲೇ ಸುಡುತ್ತದೆ. ಬೆಳಗ್ಗೆ ಬಿಸಿಲು ಬಂದ ಕೂಡಲೇ ತೆಗೆಯಲು ಮರೆಯಬೇಡಿ. ನನ್ನ ಹೆಸರು ಹೇಗೆ ಬಂತೆಂದು ಈಗ ತಿಳಿದಿರಬೇಕು.

ಹಿತ್ತಲಕಡೆ · ಮೇ 18
ಎರಡು ಸೀರೆ, ಒಂದು ಪಂಚೆ, ಹನ್ನೊಂದು ಗಿಡ. ಎಲ್ಲವೂ ಉಳಿದವು. ಬೆಳಗ್ಗೆ ಪಕ್ಕದ ಮನೆಯವರು ಹಬ್ಬವೇ ಎಂದು ಕೇಳಿದರು.

ಮಾಗಡಿ ರಸ್ತೆ · ಜುಲೈ 29
ಇಲ್ಲಿಯೇ ಒಂದು ಪ್ರಶ್ನೆ. ಹೀರೆಬಳ್ಳಿಯ ತುಂಬ ಹಳದಿ ಹೂವು, ಪುಟ್ಟ ಕಾಯಿಗಳೂ ಕಾಣುತ್ತವೆ, ಆದರೆ ಬೆರಳುದ್ದವಾಗುವಷ್ಟರಲ್ಲಿ ಹಳದಿಯಾಗಿ ಉದುರುತ್ತವೆ. ಬೆಳಗ್ಗೆ ಹೋಗಿ ಕುಂಚದಿಂದ ಪರಾಗ ಹಚ್ಚುತ್ತಿದ್ದೇನೆ, ಫಲವಿಲ್ಲ.

ಕೃಷಿ ಪದವೀಧರ · ಜುಲೈ 29
ಹೊತ್ತು ತಪ್ಪಿದ್ದೀರಿ. ಹೀರೆ ಹೂವು ಅರಳುವುದು ಸಂಜೆ, ಸೋರೆಯ ಬಿಳಿ ಹೂವೂ ಸಂಜೆಯೇ. ಹಾಗಲ, ಸೌತೆ ಬೆಳಗ್ಗೆ. ನೀವು ಹೋಗುವ ಹೊತ್ತಿಗೆ ಹೀರೆ ಹೂವಿನ ಆಯಸ್ಸೇ ಮುಗಿದಿರುತ್ತದೆ. ಸಂಜೆ ಆರರ ನಂತರ ಹೊಸದಾಗಿ ಅರಳಿದ ಗಂಡು ಹೂವನ್ನು ಕಿತ್ತು, ದಳ ಹಿಂದಕ್ಕೆ ಮಡಚಿ, ಬುಡದಲ್ಲಿ ಕಾಯಿಯಿರುವ ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ಒರೆಸಿ. ಕುಂಚ ಬೇಡ.

ಮಾಗಡಿ ರಸ್ತೆ · ಆಗಸ್ಟ್ 9
ಏಳು ಕಾಯಿ ನಿಂತಿವೆ. ಸೊಗಡಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹೊಸಮನೆ ಕಿಟ್ಟಿ · ಸೆಪ್ಟೆಂಬರ್ 28
ಈಗ ಎಲ್ಲ ಕಿತ್ತು, ಎಲೆ ಗುಡಿಸಿ, ಹಿತ್ತಲನ್ನು ಚೊಕ್ಕ ಮಾಡಿಬಿಡುವುದು ತಾನೇ?

ತೀರ್ಥಹಳ್ಳಿಯವಳು · ಸೆಪ್ಟೆಂಬರ್ 28
ಹೂವಿನ ಒಣ ದಂಟುಗಳನ್ನು ವಸಂತದವರೆಗೆ ಬಿಡಿ. ಟೊಳ್ಳು ಕಡ್ಡಿಗಳೊಳಗೆ ಒಂಟಿಯಾಗಿ ಬಾಳುವ ಕಾಡು ಜೇನುನೊಣಗಳು ಚಳಿಗಾಲ ಕಳೆಯುತ್ತವೆ, ಒಣ ಎಲೆಯೂ ಹಿಮವೂ ಬೇರಿಗೆ ಕಂಬಳಿಯಾಗುತ್ತವೆ.

ಗೊಬ್ಬರಗುಂಡಿ · ಸೆಪ್ಟೆಂಬರ್ 28
ಅರ್ಧ ಒಪ್ಪುತ್ತೇನೆ. ಟೊಮೆಟೊ ಗಿಡದಲ್ಲಿ ಚುಕ್ಕೆರೋಗ ಬಂದಿದ್ದರೆ ಒಂದೂ ಎಲೆ ಬಿಡದೆ ತೆಗೆಯಬೇಕು, ಗೊಬ್ಬರದ ಗುಂಡಿಗೂ ಹಾಕಬಾರದು. ‘ಪ್ರಕೃತಿಗೆ ಬಿಟ್ಟಿದ್ದೇನೆ’ ಎಂದು ನಾನು ಬಿಟ್ಟ ವರ್ಷದ ಮರುವರ್ಷ ಜುಲೈಗೇ ಗಿಡಗಳು ಬುಡದಿಂದ ಬೋಳಾದವು.

ಹಳೇ ಪಂಚೆ · ಸೆಪ್ಟೆಂಬರ್ 29
ಅಕ್ಟೋಬರ್ ಮೊದಲ ವಾರಗಳಲ್ಲಿ ಬೆಳ್ಳುಳ್ಳಿ ಊರಿ ಹುಲ್ಲು ಹೊದಿಸಿ. ಜೂನ್‌ನಲ್ಲಿ ಹೂದಂಟು ಮುರಿದು ಪಲ್ಯಕ್ಕೆ ಹಾಕಬಹುದು, ಜುಲೈನಲ್ಲಿ ಗೆಡ್ಡೆ ಬರುತ್ತದೆ. ಟ್ಯೂಲಿಪ್ ಗೆಡ್ಡೆಗಳಿಗೂ ಇದೇ ಕಾಲ. ಅವುಗಳಿಗೆ ಮೂರು ತಿಂಗಳ ಚಳಿ ಬೇಕೇ ಬೇಕು. ಅಳಿಲು ಅಗೆದು ತಿನ್ನುತ್ತದೆ, ಡ್ಯಾಫೊಡಿಲ್‌ಗಳನ್ನು ಮುಟ್ಟುವುದಿಲ್ಲ. ನಾಜೂಕಿನ ಗುಲಾಬಿಯಿದ್ದವರು ಅಕ್ಟೋಬರ್ ಮಧ್ಯದಲ್ಲಿ ಒಂದು ಬದಿಯ ಬೇರು ಸಡಿಲಿಸಿ, ಇಡೀ ಗಿಡವನ್ನು ಕಾಲುವೆಯಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಾರೆ; ಈ ರಾಜ್ಯದ ಹೆಸರಿನಲ್ಲೇ ‘ಮಿನೆಸೋಟಾ ಟಿಪ್’ ಎಂದು ಆ ವಿಧಾನಕ್ಕೆ ಹೆಸರು. ಇನ್ನೂ ಕಾಲವಿದೆ ಎಂದುಕೊಳ್ಳಬೇಡಿ. 1991ರ ಹ್ಯಾಲೋವೀನ್ ದಿನ, ಅಂದರೆ ಅಕ್ಟೋಬರ್ 31ರಂದು, ಶುರುವಾದ ಹಿಮ ಇಲ್ಲಿ 28 ಅಂಗುಲ ಬಿದ್ದಿತು. ನಾನು ಅಗೆಯದೆ ಬಿಟ್ಟಿದ್ದ ಮೂಲಂಗಿ ಸಾಲು ಏಪ್ರಿಲ್‌ನಲ್ಲಿ ದೊರೆಯಿತು, ಲೋಳೆಯಾಗಿ.

ಹಿತ್ತಲಕಡೆ · ಅಕ್ಟೋಬರ್ 30
ಸುದ್ದಿ ಹೇಳಬೇಕಿತ್ತು. ಗೌರಿ ಹಬ್ಬಕ್ಕೆ ಡೇರೆ ಹದಿನಾಲ್ಕು ಹೂವು ಕೊಟ್ಟಿತು. ಪರವಾನಗಿ ಪಡೆದು ತರಿಸಿದ ಗಿಡ್ಡ ಅವರೆ ಆಗಸ್ಟ್‌ನಲ್ಲಿಯೇ ಕಾಯಿ ಬಿಟ್ಟಿತು, ಎರಡು ಬಾರಿ ಸಾರಿಗಾಯಿತು. ಸೊಗಡು ಕಡಿಮೆ ಎಂಬುದನ್ನು ಮಾಗಡಿ ರಸ್ತೆಯವರ ಮುಂದೆ ಒಪ್ಪಿಕೊಂಡುಬಿಡುತ್ತೇನೆ. ಆಗಸ್ಟ್‌ನಲ್ಲಿ ಕುಂಡಕ್ಕೆ ಹಾಕಿದ ನಾಟಿ ಅವರೆಯನ್ನು ಒಳಗೆ ತಂದಿದ್ದೆ. ಕಿಟಕಿಯ ಬಳಿ ಮೂರು ಗೊನೆ ಹೂವು ಬಿಟ್ಟು, ಈಗ ಚಪ್ಪಟೆ ಕಾಯಿಗಳು ಕಾಣುತ್ತಿವೆ. ಆದರೆ ಚಿಗುರಿನ ತುದಿಯಲ್ಲಿ ಕಪ್ಪು ಹೇನು ಮುತ್ತಿಕೊಂಡಿದೆ. ಮನೆಯೊಳಗೆ ಏನು ಸಿಂಪಡಿಸಬಹುದು?

ತೀರ್ಥಹಳ್ಳಿಯವಳು · ಅಕ್ಟೋಬರ್ 30
ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಗಿಡಗಳಿಗೆಂದೇ ಮಾರುವ ಸಾಬೂನು ದ್ರಾವಣವನ್ನು ಸಂಜೆ ಹೊತ್ತು ಸಿಂಪಡಿಸಿ, ನಾಲ್ಕೈದು ದಿನ ಬಿಟ್ಟು ಮತ್ತೊಮ್ಮೆ. ಕಾಯಿ ಕೀಳುವ ದಿನ ತೊಳೆದುಕೊಂಡರಾಯಿತು.

ಮಾಗಡಿ ರಸ್ತೆ · ಅಕ್ಟೋಬರ್ 30
ಒಂದು ಕಾಯಿ ಬಿಡಿಸಿ ಬೆರಳು ಮೂಸಿ ನೋಡಿ, ನಂತರ ಇಲ್ಲಿ ಬಂದು ಹೇಳಿ.